ಗೆಲುವಿನ ಪುಸ್ತಕಗಳು ಓದುಗರ ಕೈಗೆ ಬರುವ ಬಗೆ



ಬಳ್ಳಾರಿಯ ಬಸ್ ನಿಲ್ದಾಣದಲ್ಲಿ ಸಿರುಗುಪ್ಪದ ಬಸ್ಸಿಗೋ ಕುರುಗೋಡಿನ ಬಸ್ಸಿಗೋ ಕಾಯುತ್ತ ನಿಂತಾಗ ಪುಸ್ತಕ ಜೋಡಿಸಿಟ್ಟ ಅಂಗಡಿಯ ಕಡೆ ನಿಮ್ಮ ಕಣ್ಣು ಹೋಗಿರಬಹುದು. ಅಲ್ಲಿ ಕಥೆ, ಕಾದಂಬರಿಗಳ ಪಕ್ಕದಲ್ಲೇ ಇನ್ನೊಂದು ಬಗೆಯ ಪುಸ್ತಕಗಳಿರುತ್ತವೆ. ಪರೀಕ್ಷೆಯಲ್ಲಿ ಗೆಲ್ಲುವುದು ಹೇಗೆ, ಸಭೆಯಲ್ಲಿ ಅಂಜದೆ ಮಾತನಾಡುವುದು ಹೇಗೆ, ಸಣ್ಣ ಬಂಡವಾಳದಲ್ಲಿ ವ್ಯಾಪಾರ ಆರಂಭಿಸುವುದು ಹೇಗೆ ಎಂದು ಅವು ಹೇಳುತ್ತವೆ. ಇವನ್ನು ನಾವು ವ್ಯಕ್ತಿತ್ವ ವಿಕಸನದ ಪುಸ್ತಕಗಳು, ವ್ಯವಹಾರದ ಪುಸ್ತಕಗಳು ಎಂದು ಕರೆಯುತ್ತೇವೆ. ಮನೆಯಿಂದ ತಂದ ಹಣದಲ್ಲಿ ಇಂಥದೊಂದನ್ನು ಕೊಳ್ಳುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳುವುದು ಒಳ್ಳೆಯದು. ಈ ಪುಸ್ತಕ ಇಲ್ಲಿಗೆ ಬಂದದ್ದು ಹೇಗೆ? ಇದನ್ನು ಯಾರು ಬರೆದರು, ಯಾರು ಅಚ್ಚು ಮಾಡಿದರು, ನನ್ನ ಕಣ್ಣಿಗೆ ಬೀಳುವಂತೆ ಯಾರು ಇಟ್ಟರು?

ದೂರದರ್ಶನದ ಅರ್ಧ ಗಂಟೆಯ ಮಾತುಕತೆಯಲ್ಲಿ ಲೆಕ್ಕಾಚಾರವನ್ನೆಲ್ಲ ಬಿಡಿಸಿ ಹೇಳುವುದು ಕಷ್ಟ. ಆದ್ದರಿಂದ ಆ ಭಾಗವನ್ನು ಇಲ್ಲಿ ನಿಧಾನವಾಗಿ ನೋಡೋಣ.

ಮೊದಲು ಮಾತು, ಆಮೇಲೆ ಪುಸ್ತಕ

ಈ ಬಗೆಯ ಪುಸ್ತಕಗಳಿಗೆ ಹೆಸರು ತಂದುಕೊಟ್ಟವನು ಸ್ಯಾಮ್ಯುಯೆಲ್ ಸ್ಮೈಲ್ಸ್. ಇಂಗ್ಲೆಂಡಿನ ಲೀಡ್ಸ್ ಪಟ್ಟಣದಲ್ಲಿ ಸಂಜೆ ಹೊತ್ತು ಸೇರಿ ಓದುಬರಹ ಕಲಿಯುತ್ತಿದ್ದ ಕೆಲಸಗಾರ ಯುವಕರ ಮುಂದೆ ಅವನು 1845ರಲ್ಲಿ ಉಪನ್ಯಾಸ ಮಾಡಿದ. ಕೇಳುಗರಿಗೆ ಹಿಡಿಸಿದ ಆ ಮಾತುಗಳೇ ಬೆಳೆದು ಪುಸ್ತಕವಾದವು. 1855ರಲ್ಲಿ ಒಬ್ಬ ಪ್ರಕಾಶಕರು ಹಸ್ತಪ್ರತಿಯನ್ನು ಒಲ್ಲೆ ಎಂದರು. ಕೊನೆಗೆ 1859ರಲ್ಲಿ ಜಾನ್ ಮರ್ರೆ ಸಂಸ್ಥೆಯ ಮೂಲಕ 'ಸೆಲ್ಫ್ ಹೆಲ್ಪ್' ಎಂಬ ಹೆಸರಿನಲ್ಲಿ ಅದು ಹೊರಬಂತು. ಖರ್ಚಿನ ಹೊಣೆಯನ್ನು ಸ್ಮೈಲ್ಸ್ ತಾನೇ ಹೊತ್ತ, ಹಕ್ಕನ್ನೂ ತಾನೇ ಇಟ್ಟುಕೊಂಡ. ಮೊದಲ ವರ್ಷದಲ್ಲೇ ಸುಮಾರು 20,000 ಪ್ರತಿಗಳು ಖರ್ಚಾದವು.

ಅಮೆರಿಕದ ಡೇಲ್ ಕಾರ್ನೆಗಿಯ ಕಥೆಯೂ ಇದೇ ಜಾಡಿನದು. ಅವನು ಅನೇಕ ವರ್ಷ ಭಾಷಣ ಕಲೆಯ ತರಗತಿಗಳನ್ನು ನಡೆಸಿದ. ಆ ತರಗತಿಗೆ ಬಂದಿದ್ದ ಪ್ರಕಾಶನ ಸಂಸ್ಥೆಯವರೊಬ್ಬರು, ಇದನ್ನು ಪುಸ್ತಕ ಮಾಡಬಾರದೇಕೆ ಎಂದು ಒತ್ತಾಯಿಸಿದರು. 1936ರಲ್ಲಿ ಜನಸಂಪರ್ಕದ ಕಲೆಯನ್ನು ಕುರಿತ ಅವನ ಪ್ರಸಿದ್ಧ ಪುಸ್ತಕ ಬಂತು.

ಈ ಎರಡರಲ್ಲೂ ನೀವು ಗಮನಿಸಬೇಕಾದ ಅಂಶ ಒಂದಿದೆ. ಪುಸ್ತಕ ಅಚ್ಚಾಗುವ ಮೊದಲೇ ಲೇಖಕನ ಎದುರು ಕೇಳುಗರು ಇದ್ದರು. ಯಾವ ಮಾತು ನಾಟುತ್ತದೆ, ಯಾವುದಕ್ಕೆ ಆಕಳಿಕೆ ಬರುತ್ತದೆ ಎಂಬುದು ಅವನಿಗೆ ಮೊದಲೇ ಗೊತ್ತಾಗಿತ್ತು. ಕೇಳಿ ಮೆಚ್ಚಿದವರೇ ಮುಂದೆ ಮೊದಲ ಓದುಗರಾದರು.

ನಮ್ಮ ಗಡಿ ಭಾಗದ ಓದುಗರಿಗೆ ಗೊತ್ತಿರುವ ಇನ್ನೊಂದು ದಾರಿಯೂ ಉಂಟು. ಕನ್ನಡ, ತೆಲುಗು ಎರಡೂ ಆಡುವ ಬಳ್ಳಾರಿಯಲ್ಲಿ ಯಂಡಮೂರಿ ವೀರೇಂದ್ರನಾಥ್ ಅವರ ಹೆಸರು ಕೇಳದವರು ಕಡಿಮೆ. ಅವರು ಮೊದಲು ಕಾದಂಬರಿಕಾರರಾಗಿ ಜನಪ್ರಿಯರಾದರು. ಅವರ 'ತುಳಸಿದಳ' 1985ರಲ್ಲಿ ಕನ್ನಡ ಚಲನಚಿತ್ರವೂ ಆಯಿತು. ಆ ಮೇಲೆ ಅವರು 'ವಿಜಯಾನಿಕಿ ಐದು ಮೆಟ್ಲು' ಎಂಬ ವ್ಯಕ್ತಿತ್ವ ವಿಕಸನದ ಪುಸ್ತಕ ಬರೆದಾಗ, ಕಾದಂಬರಿಯ ಓದುಗರು ಆಗಲೇ ಸಿದ್ಧರಿದ್ದರು. ಕನ್ನಡದಲ್ಲಿ ಸ್ವಾಮಿ ಜಗದಾತ್ಮಾನಂದರ 'ಬದುಕಲು ಕಲಿಯಿರಿ' ಮನೆಮನೆಗೆ ಹೋಗಿ, ಬೇರೆ ಭಾಷೆಗಳಿಗೂ ಅನುವಾದವಾಯಿತು. ಅದರ ಹಿಂದೆ ರಾಮಕೃಷ್ಣ ಆಶ್ರಮದ ಪುಸ್ತಕ ಮಾರಾಟದ ಏರ್ಪಾಡು ಇತ್ತು. ಆಶ್ರಮಕ್ಕೆ ಬಂದವರು ಪುಸ್ತಕ ಕೊಂಡರು, ಓದಿದವರು ಇನ್ನೊಬ್ಬರಿಗೆ ಹೇಳಿದರು.

ಬಳ್ಳಾರಿಗೆ ಬಂದಿದ್ದ ಒಬ್ಬ ಪ್ರಕಾಶಕ

ಪುಸ್ತಕವನ್ನು ತಾನೇ ಅಚ್ಚು ಮಾಡಿಸಿ ತಾನೇ ಮಾರುವುದು ಈಚಿನ ಪದ್ಧತಿ ಎಂದು ನೀವು ತಿಳಿದಿದ್ದರೆ, ಅದು ಪೂರ್ತಿ ಸರಿಯಲ್ಲ. 1926ರಲ್ಲಿ ಬಳ್ಳಾರಿಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯಿತು. ಆಗ ಬಳ್ಳಾರಿ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಮೈಸೂರು ರಾಜ್ಯಕ್ಕೆ ಸೇರಿದ್ದು 1953ರಲ್ಲಿ. ಆ ಸಮ್ಮೇಳನದ ಅಧ್ಯಕ್ಷರು ವಿಜಯಪುರದ ವಕೀಲರಾದ ಫ. ಗು. ಹಳಕಟ್ಟಿಯವರು. ಹಳ್ಳಿಹಳ್ಳಿ ತಿರುಗಿ ತಾಳೆಗರಿಗಳನ್ನು ಸಂಗ್ರಹಿಸಿ ವಚನಗಳನ್ನು ಬೆಳಕಿಗೆ ತಂದವರು ಅವರು. 'ವಚನಶಾಸ್ತ್ರಸಾರ'ದ ಮೊದಲ ಭಾಗ 1923ರಲ್ಲಿ ಬೆಳಗಾವಿಯಲ್ಲಿ ಅಚ್ಚಾಯಿತು. ಪದೇ ಪದೇ ಬೇರೆಯವರ ಮುದ್ರಣಾಲಯದ ಬಾಗಿಲು ಕಾಯುವುದು ಆಗದೆಂದು ಅವರು ತಮ್ಮ ಮನೆಯನ್ನೇ ಮಾರಿ 1925ರಲ್ಲಿ 'ಹಿತಚಿಂತಕ' ಮುದ್ರಣಾಲಯ ತೆರೆದರು. ಮರುವರ್ಷ 'ಶಿವಾನುಭವ' ಪತ್ರಿಕೆಯನ್ನೂ ಆರಂಭಿಸಿದರು.

ಹಾವೇರಿ ಸೀಮೆಯ ಗಳಗನಾಥರು ಶಾಲಾ ಮಾಸ್ತರರಾಗಿದ್ದವರು, ಕಾದಂಬರಿಗಳನ್ನು ಬರೆದವರು. ಪುಸ್ತಕದ ಗಂಟನ್ನು ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದರೆಂದು ಕನ್ನಡ ನಾಡು ಇಂದಿಗೂ ನೆನೆಯುತ್ತದೆ. ಶಿವರಾಮ ಕಾರಂತರು ಪುತ್ತೂರಿನಲ್ಲಿ ಹರ್ಷ ಪ್ರಕಟಣಾಲಯ ನಡೆಸಿದರು. ನಮ್ಮ ಬಳ್ಳಾರಿಯಲ್ಲೇ ಲೋಹಿಯಾ ಪ್ರಕಾಶನ ಬೆಳೆದು ನಾಡಿನಾದ್ಯಂತ ಹೆಸರು ಪಡೆಯಿತು. ಒಳ್ಳೆಯ ಪುಸ್ತಕ ಹೊರಡಿಸಲು ರಾಜಧಾನಿಯಲ್ಲೇ ಇರಬೇಕೆಂಬ ನಿಯಮ ಇಲ್ಲ ಎಂಬುದಕ್ಕೆ ಇಷ್ಟು ಸಾಕು.

ಲೆಕ್ಕ ಹಾಕಿ ನೋಡೋಣ

ಈಗ ಒಂದು ಉದಾಹರಣೆ ಊಹಿಸಿಕೊಳ್ಳಿ. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಘಟಕ ನಡೆಸುವ ಮಹಿಳೆಯೊಬ್ಬರು ತಮ್ಮ ಅನುಭವದಿಂದ 'ಹತ್ತು ಯಂತ್ರದ ಘಟಕ ಕಟ್ಟುವುದು ಹೇಗೆ' ಎಂಬ ಪುಸ್ತಕ ಬರೆದಿದ್ದಾರೆ. ಅವರ ಮುಂದೆ ಎರಡು ದಾರಿಗಳಿವೆ.

ಒಂದು, ಪ್ರಕಾಶಕರಿಗೆ ಕೊಡುವುದು. ಖರ್ಚು, ಮಾರಾಟ ಎಲ್ಲ ಪ್ರಕಾಶಕರದು. ಲೇಖಕರಿಗೆ ಗೌರವಧನ ಸಿಗುತ್ತದೆ. ಮುಖಬೆಲೆಯ ಶೇಕಡಾ 10 ಎಂಬುದು ರೂಢಿಯ ಮಾತು. ಎರಡು, ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸುವುದು. ಲಾಭವೂ ಅವರದು, ನಷ್ಟವೂ ಅವರದು.

ಎರಡನೆಯ ದಾರಿ ಹಿಡಿದರೆಂದು ಇಟ್ಟುಕೊಳ್ಳಿ. 500 ಪ್ರತಿಗಳಿಗೆ ಅಕ್ಷರ ಜೋಡಣೆ, ಕಾಗದ, ಮುದ್ರಣ, ರಕ್ಷಾಪುಟ ಎಲ್ಲ ಸೇರಿ 40,000 ರೂಪಾಯಿ ಬಿತ್ತು ಎನ್ನೋಣ. ಒಂದು ಪ್ರತಿಗೆ 80 ರೂಪಾಯಿ. ಇದರ ಮೇಲೆ 40 ರೂಪಾಯಿ ಲಾಭವಿಟ್ಟು 120 ರೂಪಾಯಿ ಬೆಲೆ ಹಾಕಿದರೆ ಸಾಕೆಂದು ನಿಮಗೆ ಅನ್ನಿಸಬಹುದು. ಆದರೆ ಮಾರಾಟಗಾರರಿಗೆ ರಿಯಾಯಿತಿ ಕೊಡಬೇಕು. ಅದು ಶೇಕಡಾ 40 ಆದರೆ ಲೇಖಕರ ಕೈಗೆ ಬರುವುದು ಪ್ರತಿಗೆ 72 ರೂಪಾಯಿ ಮಾತ್ರ. ವಿಮರ್ಶೆಗೆ, ಗ್ರಂಥಾಲಯಕ್ಕೆ ಎಂದು 25 ಪ್ರತಿ ಉಚಿತವಾಗಿ ಹೋದರೆ ಉಳಿದ 475 ಪ್ರತಿ ಪೂರ್ತಿ ಮಾರಿದರೂ 34,200 ರೂಪಾಯಿ. ಪುಸ್ತಕವೆಲ್ಲ ಖರ್ಚಾದರೂ 5,800 ರೂಪಾಯಿ ನಷ್ಟ!

ಬೆಲೆ 200 ರೂಪಾಯಿ ಇಟ್ಟರೆ ಅಂಗಡಿಯಿಂದ ಪ್ರತಿಗೆ 120 ರೂಪಾಯಿ ಬರುತ್ತದೆ. ಆಗ 334 ಪ್ರತಿ ಮಾರಿದಾಗ ಹಾಕಿದ ಹಣ ವಾಪಸಾಗುತ್ತದೆ. ಆದರೆ ಅದೇ ಲೇಖಕಿ ಸಿರುಗುಪ್ಪದ ಒಂದು ಮಹಿಳಾ ಸಂಘದಲ್ಲಿ ಮಾತನಾಡಿ, ಅಲ್ಲೇ ಮೇಜಿನ ಮೇಲೆ ಪುಸ್ತಕ ಇಟ್ಟು ನೇರವಾಗಿ ಮಾರಿದರೆ? ಪ್ರತಿಗೆ ಪೂರ್ತಿ 200 ರೂಪಾಯಿ. 200 ಪ್ರತಿಗೇ ಖರ್ಚು ತೀರಿತು. ಇಂಥ ಪುಸ್ತಕಗಳ ಲೇಖಕರು ಕಾಲೇಜು, ಸಂಘ, ಕಾರ್ಯಾಗಾರ ಎಂದು ಸದಾ ಓಡಾಡುವುದೇಕೆ ಎಂಬುದು ಈ ಲೆಕ್ಕದಿಂದ ನಿಮಗೆ ತಿಳಿಯುತ್ತದೆ. ಪ್ರಕಾಶಕರ ಮೂಲಕ ಇದೇ 475 ಪ್ರತಿ ಹೋದರೆ ಶೇಕಡಾ 10ರ ಲೆಕ್ಕದಲ್ಲಿ ಅವರಿಗೆ ಬರುವುದು 9,500 ರೂಪಾಯಿ. ಆದರೆ ಮಂಚದ ಕೆಳಗೆ ಕಟ್ಟು ಉಳಿಯುವ ಭಯ ಇಲ್ಲ.

ಕಾನೂನು ಮತ್ತು ಕ್ರಮ

ಹಸ್ತಪ್ರತಿ ಬರೆದು ಮುಗಿಸಿದ ಕ್ಷಣದಿಂದಲೇ ಅದರ ಹಕ್ಕು ಲೇಖಕರದು. 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಅದು ಲೇಖಕರ ಜೀವಮಾನ ಮತ್ತು ಆ ಮೇಲೆ 60 ವರ್ಷ ಉಳಿಯುತ್ತದೆ. ನೋಂದಣಿ ಕಡ್ಡಾಯವಲ್ಲ. ಆದ್ದರಿಂದ ಒಪ್ಪಂದದ ಕಾಗದಕ್ಕೆ ಸಹಿ ಮಾಡುವಾಗ ಎಚ್ಚರ ಬೇಕು: ಎಷ್ಟು ಪ್ರತಿ, ಎಷ್ಟು ವರ್ಷ, ಅನುವಾದದ ಹಕ್ಕು ಯಾರದು ಎಂಬುದು ಸ್ಪಷ್ಟವಾಗಿ ಬರೆದಿರಬೇಕು. ಲೇಖಕರಿಂದಲೇ ಹಣ ಪಡೆದು, ನಿಮ್ಮ ಪುಸ್ತಕ ದೇಶವೆಲ್ಲ ಮಾರಾಟವಾಗುತ್ತದೆ ಎಂದು ಆಸೆ ಹುಟ್ಟಿಸುವವರೂ ಇದ್ದಾರೆ. ಹಣ ಕೊಡುವವರು ಯಾರು, ಮಾರುವ ಹೊಣೆ ಯಾರದು ಎಂದು ಕೇಳಿದರೆ ಮುಸುಕು ಸರಿಯುತ್ತದೆ.

ಪುಸ್ತಕದ ಬೆನ್ನಿನ ಮೇಲೆ ಗೆರೆಗಳ ಜೊತೆ 13 ಅಂಕಿಗಳ ಸಂಖ್ಯೆ ನೋಡಿದ್ದೀರಲ್ಲವೇ? ಅದೇ ಐಎಸ್‌ಬಿಎನ್, ಪುಸ್ತಕದ ಅಂತರರಾಷ್ಟ್ರೀಯ ಗುರುತಿನ ಸಂಖ್ಯೆ. ಭಾರತದಲ್ಲಿ ರಾಜಾ ರಾಮಮೋಹನ ರಾಯ್ ಹೆಸರಿನ ರಾಷ್ಟ್ರೀಯ ಸಂಸ್ಥೆ ಇದನ್ನು ಶುಲ್ಕವಿಲ್ಲದೆ ನೀಡುತ್ತದೆ. ಈ ಸಂಖ್ಯೆ ಇದ್ದಮಾತ್ರಕ್ಕೆ ಪುಸ್ತಕ ಒಳ್ಳೆಯದೆಂದು ಯಾರೂ ಪ್ರಮಾಣ ಕೊಟ್ಟಂತಲ್ಲ. ಅದು ಮನೆಯ ನಂಬರ್ ಇದ್ದಂತೆ. 1954ರ ಕಾಯ್ದೆಯ ಪ್ರಕಾರ ಪ್ರಕಾಶಕರು ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಇನ್ನು ಮೂರು ಗ್ರಂಥಾಲಯಗಳಿಗೂ ತಲಾ ಒಂದು ಪ್ರತಿಯನ್ನು ಕಳುಹಿಸಬೇಕು. ಕರ್ನಾಟಕದಲ್ಲಿ ಸಾರ್ವಜನಿಕ ಗ್ರಂಥಾಲಯ ಇಲಾಖೆ ಪುಸ್ತಕಗಳನ್ನು ಆಯ್ದು ಕೊಳ್ಳುತ್ತದೆ. ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಚೊಚ್ಚಲ ಕೃತಿಗಳಿಗೆ ನೆರವಿನ ಯೋಜನೆ ನಡೆಸಿಕೊಂಡು ಬಂದಿದೆ. ಇದನ್ನು ನಿಮ್ಮಲ್ಲಿ ಬರೆಯುವ ಹವ್ಯಾಸವಿರುವವರು ನೆನಪಿಡಿ.

ಪ್ರಚಾರ ಎಂದರೇನು?

ಪ್ರಚಾರಕ್ಕೆ ಹಳೆಯ ಸಾಧನಗಳು ಹಲವು. ಹೆಸರಾಂತರಿಂದ ಮುನ್ನುಡಿ, ಹಿಂಬದಿಯ ಬೆನ್ನುಡಿ, ಬಿಡುಗಡೆ ಸಮಾರಂಭ, ಪತ್ರಿಕೆಗಳಿಗೆ ವಿಮರ್ಶೆಗಾಗಿ ಪ್ರತಿ, ಮುಂಗಡ ಹಣ ಕೊಟ್ಟವರಿಗೆ ಪ್ರಕಟಣಪೂರ್ವ ರಿಯಾಯಿತಿ, ಸಾಹಿತ್ಯ ಸಮ್ಮೇಳನದಲ್ಲಿ ಮಳಿಗೆ. ಈಗ ಇವುಗಳ ಜೊತೆ ಮೊಬೈಲ್, ಅಂತರಜಾಲ ಸೇರಿವೆ. ಎರಡು ನಿಮಿಷದ ಮಾತಿನ ತುಣುಕು ಕುರುಗೋಡಿನ ಹುಡುಗನ ಕೈಗೂ ಬರುತ್ತದೆ. ಸಾಧನ ಬದಲಾದರೂ ತಿರುಳು ಬದಲಾಗಿಲ್ಲ: ಪುಸ್ತಕ ಇದೆ ಎಂಬುದು ಬೇಕಾದವರಿಗೆ ತಿಳಿಯಬೇಕು. ತಿಳಿಸುವುದರಲ್ಲಿ ತಪ್ಪಿಲ್ಲ. ತಪ್ಪು ಇರುವುದು ಕೊಡಲಾಗದ್ದನ್ನು ಕೊಡುತ್ತೇನೆ ಎನ್ನುವುದರಲ್ಲಿ.

ಕಾದಂಬರಿ ಹಿಡಿಸದಿದ್ದರೆ ನಿಮಗಾಗುವ ನಷ್ಟ ಸ್ವಲ್ಪ ಹಣ, ಸ್ವಲ್ಪ ಹೊತ್ತು. ಆದರೆ ವ್ಯವಹಾರದ ಪುಸ್ತಕವನ್ನು ನಂಬಿ ಯಾರಾದರೂ ಹೊಲ ಅಡವಿಟ್ಟು ಅಂಗಡಿ ತೆರೆದರೆ? ಓದಿಯೂ ಗೆಲ್ಲದ ವಿದ್ಯಾರ್ಥಿ ತನ್ನಲ್ಲೇ ದೋಷವಿದೆ ಎಂದು ಕುಗ್ಗಿದರೆ? ಈ ಬಗೆಯ ಪುಸ್ತಕ ಬರೆಯುವವರ ಹೊಣೆ ಹೆಚ್ಚು. ಒಂದು ಸಂಗತಿ ಯೋಚಿಸಿ. ಸಿರುಗುಪ್ಪದಲ್ಲಿ ಹತ್ತು ಜನ ಅಕ್ಕಿ ಗಿರಣಿ ಹಾಕಿ, ಅವರಲ್ಲಿ ಒಬ್ಬರು ಮಾತ್ರ ಗೆದ್ದರೆ ಪುಸ್ತಕ ಬರೆಯುವುದು ಆ ಒಬ್ಬರು. ಉಳಿದ ಒಂಬತ್ತು ಜನರೂ ಬೆಳಿಗ್ಗೆ ಐದಕ್ಕೇ ಎದ್ದಿರಬಹುದು, ಅಷ್ಟೇ ದುಡಿದಿರಬಹುದು. ಅವರ ಪುಸ್ತಕ ಬರುವುದಿಲ್ಲ. ಹಾಗಾಗಿ ಗೆದ್ದವರ ಅಭ್ಯಾಸಗಳೆಲ್ಲ ಗೆಲುವಿನ ಕಾರಣಗಳೇ ಎಂದು ಒಪ್ಪುವ ಮೊದಲು ಕಾಲುವೆಯ ನೀರು, ಮಳೆ, ಮಾರುಕಟ್ಟೆ, ಸಾಲದ ಬಡ್ಡಿ ಇವುಗಳ ಪಾಲೆಷ್ಟು ಎಂದೂ ಕೇಳಬೇಕು. ತಾನು ಎಲ್ಲಿ ಸೋತೆ ಎಂದು ಬರೆಯುವ ಲೇಖಕರು ಸಿಕ್ಕರೆ ಆ ಪುಸ್ತಕವನ್ನು ಬಿಡಬೇಡಿ.

ಕೊಳ್ಳುವ ಮುನ್ನ

ಅಂಗಡಿಯಲ್ಲಿ ನಿಂತೇ ಮಾಡಬಹುದಾದ ನಾಲ್ಕು ಕೆಲಸಗಳನ್ನು ಹೇಳಿ ಮುಗಿಸುತ್ತೇವೆ.

1. ಲೇಖಕರು ತಾವು ಬರೆದ ಕೆಲಸವನ್ನು ಸ್ವತಃ ಮಾಡಿದ್ದಾರೆಯೇ? ಪರಿಚಯದ ಪುಟ ಓದಿ.

2. ಮುದ್ರಣದ ವಿವರವಿರುವ ಪುಟ ತೆಗೆಯಿರಿ. ಪ್ರಕಾಶಕರ ವಿಳಾಸ, ಮೊದಲ ಮುದ್ರಣದ ವರ್ಷ ಇದೆಯೇ? ತೆರಿಗೆ, ಸಾಲದ ವಿಷಯ ಹೇಳುವ ಪುಸ್ತಕ ಹಳೆಯದಾದರೆ ದಾರಿ ತಪ್ಪಿಸೀತು.

3. ನಡುವಿನ ಎರಡು ಪುಟ ಓದಿ. ನಾಳೆ ಬೆಳಿಗ್ಗೆ ಮಾಡಿ ನೋಡಬಹುದಾದ ಒಂದು ಕೆಲಸ ಅಲ್ಲಿ ಸಿಕ್ಕಿತೇ, ಬರಿಯ ಹುರಿದುಂಬಿಸುವ ಮಾತು ಸಿಕ್ಕಿತೇ?

4. ನಿಮ್ಮ ಕಾಲೇಜಿನ ಅಥವಾ ಊರಿನ ಗ್ರಂಥಾಲಯದಲ್ಲಿ ಅದೇ ಪುಸ್ತಕ ಇದೆಯೇ ಕೇಳಿ. ಇದ್ದರೆ ಮೊದಲು ಅಲ್ಲಿ ಓದಿ, ಮತ್ತೆ ಮತ್ತೆ ಬೇಕೆನಿಸಿದರೆ ಕೊಳ್ಳಿ.

ಇನ್ನು ನಿಮ್ಮಲ್ಲಿ ಯಾರಿಗಾದರೂ ಇಂಥ ಪುಸ್ತಕ ಬರೆಯುವ ಮನಸ್ಸಿದ್ದರೆ, ಮುದ್ರಣಾಲಯಕ್ಕೆ ಹೋಗುವ ಮೊದಲು ನಿಮಗೆ ಚೆನ್ನಾಗಿ ಬರುವ ಒಂದು ಕೆಲಸವನ್ನು ಆರಿಸಿಕೊಂಡು, ಸಹಪಾಠಿಗಳ ಮುಂದೆ ಹತ್ತು ನಿಮಿಷ ವಿವರಿಸಿ. ಅವರು ಕೇಳುವ ಪ್ರಶ್ನೆಗಳನ್ನು ಬರೆದಿಟ್ಟುಕೊಳ್ಳಿ. ಒಂದು ವಾರದ ನಂತರ ಅವರಲ್ಲಿ ಎಷ್ಟು ಜನ ಅದನ್ನು ಮಾಡಿ ನೋಡಿದರು ಎಂದು ವಿಚಾರಿಸಿ. ಒಬ್ಬರಾದರೂ ಮಾಡಿದ್ದರೆ ನಿಮ್ಮ ಪುಸ್ತಕದ ಮೊದಲ ಅಧ್ಯಾಯ ಸಿದ್ಧವಾಯಿತೆಂದು ತಿಳಿಯಿರಿ.