ಸಂತೆ ನೋಡಿ ಬಿತ್ತನೆ: ಅಮರ್ಜಾ ಮತ್ತು ಭೀಮಾ ದಂಡೆಯ ಕಾಯಿಪಲ್ಲೆ ಬೆಳೆಗಾರರಿಗೆ

ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳು ತೊಗರಿಯ ಸೀಮೆ. ಜೂನ್-ಜುಲೈಯಲ್ಲಿ ಬಿತ್ತಿದ ತೊಗರಿ ರಾಶಿಯಾಗಿ ಮನೆಗೆ ಬರುವುದು ಡಿಸೆಂಬರ್-ಜನವರಿಯಲ್ಲಿ. ಅಂದರೆ ಹಣ ಕೈಗೆ ಬರುವುದು ವರ್ಷಕ್ಕೊಮ್ಮೆ. ಆದರೆ ಎಣ್ಣೆ, ಉಪ್ಪು, ಸಕ್ಕರೆ, ಮಕ್ಕಳ ಪುಸ್ತಕ, ಔಷಧಿ ಇವುಗಳ ಖರ್ಚು ಪ್ರತಿ ಸಂತೆಗೂ ಇದ್ದೇ ಇರುತ್ತದೆ. ಈ ಖರ್ಚಿಗಾಗಿ ಸಣ್ಣ ರೈತರು ಐದು-ಹತ್ತು ಕಿಲೋ ತೊಗರಿಯನ್ನು ಚೀಲದಲ್ಲಿ ಹಾಕಿಕೊಂಡು ಸಂತೆಗೆ ಹೋಗಿ, ಅಂಗಡಿಯವನು ಹೇಳಿದ ದರಕ್ಕೆ ಕೊಟ್ಟು ಬರುವುದು ಹಳೆಯ ರೂಢಿ. ಹೀಗೆ ಚಿಲ್ಲರೆಯಾಗಿ ಮಾರಿದ ತೊಗರಿಗೆ ಪೈಪೋಟಿಯ ದರ ಸಿಗುವುದಿಲ್ಲ, ಬೆಂಬಲ ಬೆಲೆಯೂ ಸಿಗುವುದಿಲ್ಲ. ತೊಗರಿಯ ಬೆಂಬಲ ಬೆಲೆ 2024-25 ರಲ್ಲಿ ಕ್ವಿಂಟಾಲಿಗೆ ರೂ. 7,550 ಮತ್ತು 2025-26 ರ ಹಂಗಾಮಿಗೆ ರೂ. 8,000. ಆದರೆ ಖರೀದಿ ಕೇಂದ್ರ ತೆರೆಯುವವರೆಗೆ, ತೂಕವಾಗಿ ಹಣ ಖಾತೆಗೆ ಜಮೆಯಾಗುವವರೆಗೆ ಕಾಯುವ ಶಕ್ತಿ ಇದ್ದವರಿಗೆ ಮಾತ್ರ ಈ ಬೆಲೆ. ವಾರದ ಖರ್ಚಿಗೆ ಬೇರೆ ದಾರಿ ಇದ್ದ ಮನೆ ಕಾಯುತ್ತದೆ, ಇಲ್ಲದ ಮನೆ ಕಾಯಲಾರದು.

ನೀರಿನ ಅನುಕೂಲವಿರುವ ಊರುಗಳಲ್ಲಿ ಈ ದಾರಿಯನ್ನು ಎರಡು-ಮೂರು ಗುಂಟೆ ಕಾಯಿಪಲ್ಲೆಯಿಂದಲೇ ಮಾಡಿಕೊಳ್ಳಬಹುದು. ಆಳಂದ ತಾಲ್ಲೂಕಿನಲ್ಲಿ ಕೊರಳ್ಳಿಯ ಹತ್ತಿರದ ಅಮರ್ಜಾ ಜಲಾಶಯದ ಸುತ್ತಿನ ಬಾವಿಗಳು, ಅಫಜಲಪುರ ತಾಲ್ಲೂಕಿನಲ್ಲಿ ಸೊನ್ನ ಬ್ಯಾರೇಜಿನಿಂದ ನೀರು ನಿಂತ ಭೀಮಾ ನದಿಯ ದಂಡೆ, ಜೇವರ್ಗಿ ತಾಲ್ಲೂಕಿನಲ್ಲಿ ನದಿಯ ದಂಡೆ ಹಾಗೂ ಕಾಲುವೆಯ ಕೆಳಗಿನ ಜಮೀನು, ಇವು ಇದಕ್ಕೆ ಒಪ್ಪುವ ಸ್ಥಳಗಳು. ಆದರೆ ಮಳೆಗಾಲದಲ್ಲಿ ಹೊಳೆಯ ಅಂಚಿಗೇ ಮಡಿ ಮಾಡುವುದು ಬೇಡ. 2020 ರ ಅಕ್ಟೋಬರ್ ಮತ್ತು 2025 ರ ಸೆಪ್ಟೆಂಬರ್ ತಿಂಗಳಲ್ಲಿ ಭೀಮಾ ನದಿ ಏರಿ ಬಂದುದನ್ನು ದಂಡೆಯವರು ಮರೆತಿರಲಾರರು. ಆ ತಿಂಗಳುಗಳಲ್ಲಿ ಎತ್ತರದ, ನೀರು ಬಸಿದು ಹೋಗುವ ಸ್ಥಳ ಆರಿಸಿ, ಕಪ್ಪು ಭೂಮಿಯಾದರೆ ಏರು ಮಡಿಗಳಲ್ಲಿ ಬಿತ್ತಬೇಕು.

ಐದು ಮಡಿಗಳ ಲೆಕ್ಕ

ಸಾಮಾನ್ಯವಾಗಿ ನಡೆಯುವ ತಪ್ಪೆಂದರೆ, ಒಂದೇ ದಿನ ಎರಡು ಗುಂಟೆ ಮೆಂತ್ಯ ಬಿತ್ತುವುದು. ಹೀಗೆ ಬಿತ್ತಿದ ಪಲ್ಲೆ ಒಂದೇ ವಾರ ಕೊಯ್ಲಿಗೆ ಬರುತ್ತದೆ. ಒಂದು ಗುಂಟೆಯಲ್ಲಿ ಸುಮಾರು 60 ಕಿಲೋ ಸೊಪ್ಪು ಬಂದರೂ, 200 ಗ್ರಾಮಿನ ಸಿವುಡು ಕಟ್ಟಿದರೆ 300 ಸಿವುಡಾಗುತ್ತದೆ. ಎರಡು ಗುಂಟೆಗೆ 600. ಒಬ್ಬರು ಒಂದು ಸಂತೆಯಲ್ಲಿ ಕುಳಿತು ಇಷ್ಟನ್ನು ಮಾರಲಾರರು. ಮುಂದಿನ ಸಂತೆಯ ಹೊತ್ತಿಗೆ ಉಳಿದದ್ದು ಬಲಿತು ದನಕ್ಕೆ ಹಾಕುವ ಹಾಗಾಗುತ್ತದೆ.

ಇದರ ಬದಲು ಅರ್ಧ ಗುಂಟೆಯ ಐದು ಮಡಿಗಳನ್ನು ಮಾಡಿಕೊಳ್ಳಬೇಕು. ಊರಿನ ಸಂತೆ ಗುರುವಾರ ಎಂದು ಇಟ್ಟುಕೊಳ್ಳೋಣ. ಪ್ರತಿ ಶುಕ್ರವಾರ ಒಂದು ಮಡಿಗೆ 125 ಗ್ರಾಂ ಮೆಂತ್ಯ ಬೀಜ ಬಿತ್ತಬೇಕು. ಮೊದಲ ಮಡಿ ನಾಲ್ಕನೆಯ ವಾರದ ಬುಧವಾರ ಸಂಜೆಗೆ 26 ದಿನದ್ದಾಗಿ ಕೀಳಲು ಬರುತ್ತದೆ. ಅದರ ಮರುದಿನ ಸಂತೆ. ಅದಾದ ಶುಕ್ರವಾರ ಬಿತ್ತನೆಗೆ ಐದನೆಯ ಮಡಿ ಸಿದ್ಧವಿರುತ್ತದೆ. ಖಾಲಿಯಾದ ಮೊದಲನೆಯ ಮಡಿಗೆ ಕೊಳೆತ ಗೊಬ್ಬರ ಹಾಕಿ ಮಗಚಲು ಒಂದು ವಾರ ಸಿಗುತ್ತದೆ. ಹೀಗೆ ಸರದಿ ತಪ್ಪದೆ ಪ್ರತಿ ಸಂತೆಗೂ ಸುಮಾರು 150 ಸಿವುಡು ಬರುತ್ತವೆ. ಚಳಿಗಾಲದಲ್ಲಿ ಬೆಳವಣಿಗೆ ನಿಧಾನವಾಗುವುದರಿಂದ ಒಂದು ವಾರ ಹೆಚ್ಚು ಹಿಡಿಯುತ್ತದೆ. ಆಗ ಆರು ಮಡಿ ಬೇಕು.

ಅದೇ ಮಡಿಯಲ್ಲಿ ಮತ್ತೆ ಮತ್ತೆ ಮೆಂತ್ಯವನ್ನೇ ಹಾಕಬಾರದು. ಕೊತ್ತಂಬರಿ, ಪಾಲಕ, ರಾಜಗಿರಿ ಇವುಗಳನ್ನು ಬದಲಿಸುತ್ತಾ ಹೋಗಬೇಕು. ಕೊತ್ತಂಬರಿಯ ಬೀಜವನ್ನು ಎರಡು ಹೋಳಾಗುವಂತೆ ಉಜ್ಜಿ ಬಿತ್ತಬೇಕು. ಅದು ಮೊಳೆಯಲು 8-10 ದಿನ, ಕೊಯ್ಲಿಗೆ ಬರಲು ಸುಮಾರು 40 ದಿನ ಬೇಕಾಗುವುದರಿಂದ ಮೆಂತ್ಯಕ್ಕಿಂತ ಎರಡು ವಾರ ಮುಂಚೆ ಬಿತ್ತನೆಯಾಗಬೇಕು. ಪಾಲಕ 30-35 ದಿನಕ್ಕೆ ಮೊದಲ ಕೊಯ್ಲಿಗೆ ಬರುತ್ತದೆ. ಬೇಸಿಗೆಯ ಬಿಸಿಲಿಗೆ ಕೊತ್ತಂಬರಿ ಬೇಗ ಹೂವಿಗೆ ಬರುತ್ತದೆ. ಆಗ ರಾಜಗಿರಿ, ಸೌತೆ ಮೇಲು.

ಬುಟ್ಟಿಯಲ್ಲಿ ಏನಿರಬೇಕು?

ಸಂತೆಗೆ ತಾನೇ ಒಯ್ದು ಮಾರಿದರೆ ಯಾವಾಗಲೂ ಲಾಭ ಎಂಬ ಮಾತು ಪೂರ್ತಿ ನಿಜವಲ್ಲ. ಲೆಕ್ಕ ಹಾಕಿ ನೋಡಬೇಕು. ಇಲ್ಲಿಯ ದರಗಳು ಲೆಕ್ಕಕ್ಕಾಗಿ ಇಟ್ಟುಕೊಂಡವು. ರೈತರು ತಮ್ಮ ಸಂತೆಯ ದರ ಹಾಕಿಕೊಳ್ಳಬಹುದು.

ಹೊಲಕ್ಕೇ ಬಂದ ವ್ಯಾಪಾರಿ ಸಿವುಡಿಗೆ ರೂ. 6 ರಂತೆ 150 ಸಿವುಡಿಗೆ ರೂ. 900 ಕೊಡುತ್ತಾನೆ. ಸಂತೆಯಲ್ಲಿ 100 ಸಿವುಡು ರೂ. 10 ರಂತೆ ಹೋಗಿ, ಸಂಜೆ ಉಳಿದ 50 ಅರ್ಧ ಬೆಲೆಗೆ ಹೋದರೆ ಒಟ್ಟು ರೂ. 1,250. ಇದರಲ್ಲಿ ಹೋಗಿಬರುವ ಬಾಡಿಗೆ ರೂ. 100, ಸಂತೆ ಕರ ರೂ. 20, ಇಡೀ ದಿನ ಕುಳಿತವರ ಕೂಲಿ ರೂ. 300 ಕಳೆದರೆ ಉಳಿಯುವುದು ರೂ. 830. ಹೊಲದಲ್ಲಿ ಮಾರಿದ್ದಕ್ಕಿಂತ ಕಡಿಮೆಯೇ ಆಯಿತು! ಮನೆಯ ಹೆಣ್ಣುಮಗಳು ಬೆಳಗಿನಿಂದ ಬಿಸಿಲಲ್ಲಿ ಕುಳಿತದ್ದಕ್ಕೆ ಕೂಲಿಯನ್ನು ಹೆಚ್ಚಿನವರು ಲೆಕ್ಕಕ್ಕೇ ಹಿಡಿಯುವುದಿಲ್ಲ. ಆದ್ದರಿಂದ ಈ ನಷ್ಟ ಕಣ್ಣಿಗೆ ಬೀಳುವುದಿಲ್ಲ.

ಅದೇ ಬುಟ್ಟಿಯ ಜೊತೆ 10 ಕಿಲೋ ಬೆಂಡೆ (ಕಿಲೋಕ್ಕೆ ರೂ. 40) ಮತ್ತು 10 ಕಿಲೋ ಬದನೆ (ರೂ. 30) ಇದ್ದರೆ ಮಾರಾಟ ರೂ. 1,950 ಕ್ಕೆ ಏರುತ್ತದೆ. ಬಾಡಿಗೆ ರೂ. 50 ಹೆಚ್ಚಾದರೂ ಕೂಲಿ ಮತ್ತು ಕರ ಅಷ್ಟೇ. ಖರ್ಚು ರೂ. 470 ಕಳೆದು ರೂ. 1,480 ಉಳಿಯುತ್ತದೆ. ಬೆಂಡೆಗೆ ರೂ. 24, ಬದನೆಗೆ ರೂ. 18 ರಂತೆ ಎಲ್ಲವನ್ನೂ ಹೊಲದಲ್ಲೇ ಕೊಟ್ಟಿದ್ದರೆ ಸಿಗುತ್ತಿದ್ದುದು ರೂ. 1,320. ಹೀಗೆ ಸಂತೆಯಲ್ಲಿ ಕುಳಿತವರಿಗೆ ಕೂಲಿ ದಕ್ಕಿ ಮೇಲೆ ರೂ. 160 ಸಿಕ್ಕಿತು. ಒಂದೇ ಬಗೆಯ ಪಲ್ಲೆ ಇದ್ದವರು ಹೊಲದಲ್ಲೇ ಮಾರುವುದು ಲೇಸು. ನಾಲ್ಕಾರು ಬಗೆ ಇದ್ದವರು ಸಂತೆಗೆ ಹೋಗಬೇಕು. ಅಕ್ಕಪಕ್ಕದ ಎರಡು-ಮೂರು ಮನೆಯವರು ಬೇರೆ ಬೇರೆ ಬೆಳೆ ಹಾಕಿಕೊಂಡು, ವಾರಕ್ಕೊಬ್ಬರಂತೆ ಸರದಿಯ ಮೇಲೆ ಸಂತೆಗೆ ಕುಳಿತರೆ ಇನ್ನೂ ಅನುಕೂಲ. ಬೆಂಡೆ ಬಿತ್ತಿದ 45-50 ದಿನಕ್ಕೆ ಫಲ ಕೊಡಲು ಆರಂಭಿಸಿ ದಿನ ಬಿಟ್ಟು ದಿನ ಕೊಯ್ಲಿಗೆ ಬರುತ್ತದೆ. ಸಂತೆ ಬರಲಿ ಎಂದು ವಾರವಿಡೀ ಗಿಡದಲ್ಲೇ ಬಿಟ್ಟರೆ ಕಾಯಿ ನಾರಾಗುತ್ತದೆ. ಆದ್ದರಿಂದ ಒಂದಕ್ಕಿಂತ ಹೆಚ್ಚು ಊರಿನ ಸಂತೆ ಹಿಡಿಯುವವರಿಗೆ ಮಾತ್ರ ಹೆಚ್ಚು ಬೆಂಡೆ ಒಳ್ಳೆಯದು.

ಹಬ್ಬ ಮತ್ತು ಜಾತ್ರೆಯ ಪಂಚಾಂಗ

ವಾರದ ಸಂತೆಯ ಮೇಲೆ ಹಬ್ಬ-ಜಾತ್ರೆಗಳ ಬೇಡಿಕೆ ಬರುತ್ತದೆ. ಈ ಭಾಗದ ಕಾಯಿಪಲ್ಲೆ ಬೆಳೆಗಾರರಿಗೆ ಎಲ್ಲಕ್ಕಿಂತ ದೊಡ್ಡದು ಎಳ್ಳ ಅಮಾವಾಸ್ಯೆ. ಅಂದು ಮನೆಮಂದಿಯೆಲ್ಲ ಸಜ್ಜೆ ರೊಟ್ಟಿ, ಕಡುಬು, ಭಜ್ಜಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಪೂಜಿಸಿ, ಬೆಳೆಗೆ ಚರಗ ಚೆಲ್ಲಿ, ಬಂಧುಬಳಗದೊಡನೆ ಉಣ್ಣುತ್ತಾರೆ. ಭಜ್ಜಿಗೆ ಮೆಂತ್ಯ, ಪಾಲಕ, ಬದನೆ, ಹಸಿ ತೊಗರಿ, ಹಸಿ ಕಡಲೆ, ಅವರೆ ಹೀಗೆ ಸಿಕ್ಕ ಪಲ್ಲೆಗಳೆಲ್ಲ ಬೇಕು. ಪಟ್ಟಣದವರೂ, ಹೊಲ ಇಲ್ಲದವರೂ ಮಾಡುತ್ತಾರೆ. ಹಿಂದಿನ ಎರಡು ದಿನ ಮಾರುಕಟ್ಟೆಯಲ್ಲಿ ಪಲ್ಲೆಯ ದರ ಏರುತ್ತದೆ. ಅಮಾವಾಸ್ಯೆಯ ಮರುದಿನ ಕೇಳುವವರಿರುವುದಿಲ್ಲ.

ಈ ಹಬ್ಬ ಮಾರ್ಗಶಿರದ ಅಮಾವಾಸ್ಯೆಯಂದು ಬರುತ್ತದೆ. ಇಂಗ್ಲಿಷ್ ತಾರೀಖು ನೋಡಿದರೆ ಒಮ್ಮೆ 2024 ರ ಜನವರಿ 11, ಅದೇ ವರ್ಷ ಮತ್ತೊಮ್ಮೆ ಡಿಸೆಂಬರ್ 30, ನಂತರ 2025 ರ ಡಿಸೆಂಬರ್ 19. ಚಾಂದ್ರಮಾನ ವರ್ಷಕ್ಕೆ ಸುಮಾರು 354 ದಿನಗಳಾದ್ದರಿಂದ ಹೀಗೆ 11 ದಿನ ಹಿಂದಕ್ಕೆ ಬರುತ್ತದೆ. ಅಧಿಕ ಮಾಸ ಬಂದ ವರ್ಷ ಮತ್ತೆ ಮುಂದಕ್ಕೆ ಹೋಗುತ್ತದೆ. 2026 ರಲ್ಲಿ ಅಧಿಕ ಜ್ಯೇಷ್ಠ ಇರುವುದರಿಂದ ಮುಂದಿನ ಎಳ್ಳ ಅಮಾವಾಸ್ಯೆ 2027 ರ ಜನವರಿ ಮೊದಲ ವಾರಕ್ಕೆ ಸರಿಯುತ್ತದೆ. ಇದನ್ನು ಗಮನಿಸದೆ ಹೋದ ವರ್ಷದ ತಾರೀಖಿಗೇ ಬಿತ್ತಿದರೆ ಏನಾಗುತ್ತದೆ? 2025 ರ ಹಬ್ಬಕ್ಕೆ ಡಿಸೆಂಬರ್ 17 ರಂದು ಕೀಳಬೇಕಾದ ಮೆಂತ್ಯವನ್ನು, ಚಳಿಯ 33 ದಿನ ಹಿಡಿದು, ನವೆಂಬರ್ 14 ಕ್ಕೆ ಬಿತ್ತಬೇಕಿತ್ತು. ಹಿಂದಿನ ವರ್ಷದ ಲೆಕ್ಕದಲ್ಲಿ ನವೆಂಬರ್ 25 ಕ್ಕೆ ಬಿತ್ತಿದವರ ಪೈರು ಹಬ್ಬದ ಸಂತೆಯಂದು ಕೇವಲ 22 ದಿನದ್ದು, ಸಿವುಡು ಕಟ್ಟಲು ಬಾರದಷ್ಟು ಗಿಡ್ಡ.

ಅಮರ್ಜಾ ನದಿ ಭೀಮಾ ನದಿಯನ್ನು ಕೂಡುವ ಗಾಣಗಾಪುರಕ್ಕೆ ಮಾರ್ಗಶಿರ ಹುಣ್ಣಿಮೆಯ ದತ್ತ ಜಯಂತಿಗೆ ಮಹಾರಾಷ್ಟ್ರದಿಂದಲೂ ಯಾತ್ರಿಕರು ಬರುತ್ತಾರೆ. ಘತ್ತರಗಿಯ ಭಾಗ್ಯವಂತಿ ದೇವಿಯ ದರ್ಶನಕ್ಕೆ ಅಮಾವಾಸ್ಯೆಗಳಂದು ಜನ ಸೇರುತ್ತಾರೆ. ಇಲ್ಲಿ ಪಲ್ಲೆಗಿಂತ ಹೂವು-ಹಣ್ಣಿಗೆ ಬೇಡಿಕೆ ಹೆಚ್ಚು. ಮಡಿಗಳ ಸುತ್ತ ಒಂದು ಸಾಲು ಚೆಂಡು ಹೂ ಹಾಕಿದವರಿಗೆ ಇದು ಒದಗುತ್ತದೆ. ಜೇವರ್ಗಿ ತಾಲ್ಲೂಕಿನ ಅರಳಗುಂಡಗಿಯಲ್ಲಿ ಹುಟ್ಟಿದ ಶರಣಬಸವೇಶ್ವರರ ಕಲಬುರಗಿಯ ಜಾತ್ರೆ ಹೋಳಿ ಹುಣ್ಣಿಮೆಯ ಐದನೆಯ ದಿನ ಬರುತ್ತದೆ. ಆಗ ಬಿಸಿಲು ಏರಿರುವುದರಿಂದ ಸೌತೆ, ಕಲ್ಲಂಗಡಿ ಹೋಗುತ್ತವೆ. ಆಳಂದದ ಲಾಡ್ಲೆ ಮಶಾಕ ದರ್ಗಾದ ಉರುಸಿನ ವಿಷಯ ಬೇರೆ. ಹಿಜರಿ ವರ್ಷಕ್ಕೆ ಅಧಿಕ ಮಾಸವಿಲ್ಲ. ಆದ್ದರಿಂದ ಉರುಸು ಪ್ರತಿ ವರ್ಷ ಸುಮಾರು 11 ದಿನ ಹಿಂದೆ ಸರಿಯುತ್ತಲೇ ಹೋಗಿ, ಸುಮಾರು 33 ವರ್ಷಗಳಲ್ಲಿ ಎಲ್ಲ ಕಾಲಗಳನ್ನೂ ಸುತ್ತಿ ಬರುತ್ತದೆ. ಒಮ್ಮೆ ಬೇಸಿಗೆಯಲ್ಲಿ ಬಂದ ಉರುಸಿಗೆ ಬೆಳೆದ ಬೆಳೆ ಕೆಲವು ವರ್ಷಗಳ ನಂತರ ಅದೇ ಉರುಸಿಗೆ ಒದಗಲಾರದು.

ರೈತ ಸಂಪರ್ಕ ಕೇಂದ್ರದ ಕಾರ್ಯಕರ್ತರು ಯುಗಾದಿಯ ಹೊತ್ತಿಗೆ ಹೊಸ ಪಂಚಾಂಗ ತಂದು, ಹೋಬಳಿಯ ಸಂತೆಯ ದಿನಗಳು, ಹಬ್ಬ, ಜಾತ್ರೆ, ಉರುಸು ಇವುಗಳನ್ನೂ, ಪ್ರತಿಯೊಂದಕ್ಕೆ ಹಿಂದೆ ಎಣಿಸಿದ ಬಿತ್ತನೆಯ ತಾರೀಖನ್ನೂ ಒಂದು ಫಲಕದಲ್ಲಿ ಬರೆದು ಹಾಕಿದರೆ ಬಹಳ ಉಪಯೋಗವಾಗುತ್ತದೆ.

ಕೊಯ್ಲು ಮತ್ತು ಮಾರಾಟ

ಸೊಪ್ಪನ್ನು ಸಂತೆಯ ಹಿಂದಿನ ಸಂಜೆ ಬಿಸಿಲು ಇಳಿದ ಮೇಲೆ ಕೀಳಬೇಕು. ಬೇರಿನ ಮಣ್ಣು ತೊಳೆದು, ನೀರು ಸೋರಿದ ಮೇಲೆ ಸಿವುಡು ಕಟ್ಟಿ, ಗಾಳಿಯಾಡುವಂತೆ ಹರಡಿ, ಮೇಲೆ ಒದ್ದೆ ಗೋಣಿ ತಟ್ಟು ಹೊದಿಸಬೇಕು. ತೋಯ್ದ ಸೊಪ್ಪನ್ನು ಚೀಲದಲ್ಲಿ ತುರುಕಿದರೆ ಬೆಳಗಾಗುವುದರೊಳಗೆ ಕಾವು ಏರಿ ಹಳದಿಯಾಗುತ್ತದೆ.

ಹಬ್ಬದ ದರದ ಆಸೆಗೆ ಕೊಯ್ಲಿನ ಹಿಂದುಮುಂದು ವಿಷ ಸಿಂಪಡಿಸುವುದನ್ನು ಕೆಲವೆಡೆ ಕಾಣಬಹುದು. ಇದು ಖಂಡಿತ ಕೂಡದು. ನಾಲ್ಕು ವಾರದ ಸೊಪ್ಪಿಗೆ ಶೇಕಡ 5 ರ ಬೇವಿನ ಬೀಜದ ಕಷಾಯ ಸಾಕು. ಇದಕ್ಕೆ 5 ಕಿಲೋ ಬೀಜದ ತಿರುಳಿನ ಪುಡಿ, 100 ಲೀಟರ್ ನೀರು ಬೇಕು. ಬೆಂಡೆ-ಬದನೆಗೆ ಔಷಧಿ ಹೊಡೆಯಲೇಬೇಕಾದರೆ, ಡಬ್ಬಿಯ ಮೇಲೆ ಬರೆದ ಕಾಯುವ ದಿನಗಳು ಕಳೆದ ಮೇಲೆ ಬರುವ ಸಂತೆಗೆ ಮಾತ್ರ ಕಾಯಿ ಒಯ್ಯಬೇಕು.

ಹಣ್ಣು-ಕಾಯಿಪಲ್ಲೆಯನ್ನು ಕೃಷಿ ಉತ್ಪನ್ನ ಮಾರುಕಟ್ಟೆಯಲ್ಲಿ ಹರಾಜಿಗೆ ಇಡುವವರು ಒಂದು ಮಾತು ತಿಳಿದಿರಬೇಕು. ಕರ್ನಾಟಕದ ಮಾರುಕಟ್ಟೆ ನಿಯಮದಂತೆ ದಲಾಲಿಯನ್ನು ಕೊಳ್ಳುವವರಿಂದ ಪಡೆಯಬೇಕೇ ಹೊರತು ರೈತರಿಂದಲ್ಲ. ಪಟ್ಟಿಯಲ್ಲಿ ದಲಾಲಿ ಮುರಿದಿದ್ದರೆ, ಅಥವಾ ಸೂಟು ಎಂದು ತೂಕದಲ್ಲಿ ಕಡಿತ ಮಾಡಿದ್ದರೆ, ಪಟ್ಟಿ ಕೈಯಲ್ಲಿ ಹಿಡಿದು ಮಾರುಕಟ್ಟೆ ಸಮಿತಿಯ ಕಾರ್ಯದರ್ಶಿಯವರಲ್ಲಿ ದೂರಬಹುದು. ಪಟ್ಟಿ ಇಲ್ಲದೆ ಕೊಟ್ಟ ಮಾಲಿಗೆ ದೂರಿಲ್ಲ. ವಿದ್ಯುನ್ಮಾನ ತಕ್ಕಡಿಗಳಿಗೆ ವರ್ಷಕ್ಕೊಮ್ಮೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಬೀಳಬೇಕು. ರೈತರು ತಾವೇ ತಕ್ಕಡಿ ಇಟ್ಟು ಮಾರುವಾಗ ಈ ನಿಯಮ ಅವರಿಗೂ ಅನ್ವಯಿಸುತ್ತದೆ.

ಸಂತೆ ಕರವನ್ನು ಪುರಸಭೆ ಅಥವಾ ಗ್ರಾಮ ಪಂಚಾಯಿತಿ ನಿಗದಿ ಮಾಡಿರುತ್ತದೆ. ವಸೂಲಿ ಹಲವೆಡೆ ಹರಾಜು ಹಿಡಿದವರ ಕೈಯಲ್ಲಿದೆ. ನಿಗದಿಯಾದ ದರವನ್ನು ಕೇಳಿ ತಿಳಿದು, ರಸೀದಿ ಪಡೆದೇ ಕೊಡಬೇಕು. ಕರ ಕೊಟ್ಟವರು ನೆರಳು, ಕುಡಿಯುವ ನೀರು ಮತ್ತು ಶೌಚಾಲಯ ಕೇಳುವುದು ನ್ಯಾಯವೇ. ಸಂತೆಯಲ್ಲಿ ಕುಳಿತು ಮಾರುವವರಲ್ಲಿ ಹೆಣ್ಣುಮಕ್ಕಳೇ ಬಹಳ ಎಂಬುದನ್ನು ಪಂಚಾಯಿತಿಯವರು ನೆನಪಿಡಬೇಕು. ಪಂಜಾಬಿನಲ್ಲಿ 1987 ರಲ್ಲಿ ಆರಂಭವಾದ ಅಪ್ನಿ ಮಂಡಿ, 1999 ರಲ್ಲಿ ಆಂಧ್ರದಲ್ಲಿ ಬಂದ ರೈತು ಬಜಾರ್ ಹಾಗೂ ತಮಿಳುನಾಡಿನಲ್ಲಿ ಬಂದ ಉಳವರ್ ಸಂದೈ, ಇವುಗಳಲ್ಲಿ ಬೆಳೆದವರಿಗೇ ಕೂಡುವ ಜಾಗ ಕೊಟ್ಟು ದಲ್ಲಾಳಿಗಳನ್ನು ದೂರವಿಡುವ ಏರ್ಪಾಡು ಮಾಡಲಾಯಿತು. ಅಷ್ಟು ದೊಡ್ಡ ಏರ್ಪಾಡು ಬರುವವರೆಗೆ, ಈಗಿರುವ ಸಂತೆಯಲ್ಲೇ ಒಂದು ಸಾಲನ್ನು ಬೆಳೆಗಾರರಿಗೆಂದು ಬಿಡಿಸಿಕೊಡಲು ಗ್ರಾಮ ಸಭೆಯಲ್ಲಿ ಠರಾವು ಮಾಡಿಸಬಹುದು. ಇದಕ್ಕೆ ಹಣ ಬೇಕಾಗಿಲ್ಲ, ಸುಣ್ಣದ ಒಂದು ಗೆರೆ ಸಾಕು.