ಅಕ್ಕಿಯ ಬಿಲ್ಲಿನಲ್ಲಿ ಬರೆಯದ ಬೆಲೆ

ಬಿ.ಕಾಂ. ಮುಗಿದ ಮೇಲೆ ಏನು ಓದಬಹುದು ಎಂದು ನಮ್ಮ ತರಗತಿಯಲ್ಲಿ ಯಾರನ್ನು ಕೇಳಿದರೂ ಎಂ.ಕಾಂ., ಎಂಬಿಎ, ಸಿಎ ಎಂಬ ಮೂರೇ ಉತ್ತರಗಳು ಬರುತ್ತವೆ. ಆಹಾರ, ಕೃಷಿ, ಆರೋಗ್ಯ ಎಂದರೆ ಸೈನ್ಸ್‌ನವರ ವಿಷಯ ಎಂದು ನಾವೇ ಬಾಗಿಲು ಹಾಕಿಕೊಂಡಿದ್ದೇವೆ. ನಾನೂ ಹಾಗೆಯೇ ತಿಳಿದಿದ್ದೆ. ಆದರೆ ಸುಸ್ಥಿರ ಆಹಾರ ವ್ಯವಸ್ಥೆ ಮತ್ತು ಪ್ಲಾನೆಟರಿ ಹೆಲ್ತ್ ಎಂಬ ಸ್ನಾತಕೋತ್ತರ ಅಧ್ಯಯನದ ಬಗ್ಗೆ ಓದಿದಾಗ ಅಲ್ಲಿ ಕಂಡಿದ್ದು ನಮ್ಮದೇ ಪ್ರಶ್ನೆ: ಒಂದು ವಸ್ತುವಿನ ನಿಜವಾದ ವೆಚ್ಚ ಎಷ್ಟು, ಅದನ್ನು ತೆರುವವರು ಯಾರು?

ಮೊದಲು ಹೆಸರುಗಳ ಅರ್ಥ ನೋಡೋಣ. ಆಹಾರ ವ್ಯವಸ್ಥೆ ಎಂದರೆ ಹೊಲ ಮಾತ್ರ ಅಲ್ಲ. ಬೀಜ, ಗೊಬ್ಬರ, ನೀರು, ರೈತರ ಸಾಲ, ಎಪಿಎಂಸಿ, ಗೋದಾಮು, ಲಾರಿ, ಕಿರಾಣಿ ಅಂಗಡಿ, ಅಡುಗೆಮನೆ, ಕೊನೆಗೆ ಕಸದ ಬುಟ್ಟಿ, ಇಷ್ಟೂ ಅದರಲ್ಲಿ ಸೇರುತ್ತವೆ. ಇಂದಿನವರಿಗೆ ಒಳ್ಳೆಯ ಊಟ ಸಿಗಬೇಕು, ಮುಂದಿನವರಿಗೆ ಮಣ್ಣು ಮತ್ತು ನೀರು ಉಳಿಯಬೇಕು. ಹಾಗೆ ನಡೆದರೆ ಅದು ಸುಸ್ಥಿರ.

ಪ್ಲಾನೆಟರಿ ಹೆಲ್ತ್ ಎಂಬಲ್ಲಿ ಬರುವ ಗ್ರಹ ಜ್ಯೋತಿಷ್ಯದ್ದಲ್ಲ, ನಮ್ಮ ಭೂಮಿ. ಗಾಳಿ, ನೀರು, ಮಣ್ಣು ಕೆಟ್ಟರೆ ಮನುಷ್ಯರ ಆರೋಗ್ಯವೂ ಉಳಿಯುವುದಿಲ್ಲ, ಆದ್ದರಿಂದ ಎರಡನ್ನೂ ಒಟ್ಟಿಗೆ ಅಧ್ಯಯನ ಮಾಡಬೇಕು ಎನ್ನುವುದು ಇದರ ತಿರುಳು. 2015ರಲ್ಲಿ ರಾಕ್‌ಫೆಲ್ಲರ್ ಫೌಂಡೇಶನ್ ಮತ್ತು ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ಆಯೋಗ ವರದಿ ಕೊಟ್ಟ ಮೇಲೆ ಈ ವಿಷಯಕ್ಕೆ ಹೆಚ್ಚು ಪ್ರಚಾರ ಸಿಕ್ಕಿತು. 2019ರಲ್ಲಿ ಈಟ್-ಲ್ಯಾನ್ಸೆಟ್ ಆಯೋಗ, 2050ರ ಹೊತ್ತಿಗೆ ಸುಮಾರು 1,000 ಕೋಟಿ ಜನರಿಗೆ ಭೂಮಿಯನ್ನು ಕೆಡಿಸದೆ ಊಟ ಹಾಕುವುದು ಹೇಗೆ ಎಂದು ಲೆಕ್ಕ ಹಾಕಿತು.

ಒಂದು ಉದಾಹರಣೆ ಅಕ್ಕಿ. ಗಂಗಾವತಿ ಅಥವಾ ಮಂಡ್ಯ ಕಡೆಯ ಗದ್ದೆಯಲ್ಲಿ ನೀರು ನಿಲ್ಲಿಸಿ ಭತ್ತ ಬೆಳೆಯುತ್ತಾರೆ. ನೀರು ನಿಂತಾಗ ಮಣ್ಣಿಗೆ ಆಮ್ಲಜನಕ ಸಿಗುವುದಿಲ್ಲ. ಆಗ ಅಲ್ಲಿರುವ ಸೂಕ್ಷ್ಮಜೀವಿಗಳು ಮೀಥೇನ್ ಅನಿಲ ಉಂಟುಮಾಡುತ್ತವೆ. 20 ವರ್ಷಗಳ ಲೆಕ್ಕದಲ್ಲಿ ಮೀಥೇನ್ ಕಾರ್ಬನ್ ಡೈಆಕ್ಸೈಡ್‌ಗಿಂತ ಸುಮಾರು 80 ಪಟ್ಟು ಹೆಚ್ಚು ಶಾಖ ಹಿಡಿದಿಡುತ್ತದೆ. ಒಟ್ಟಾರೆ ಜಗತ್ತಿನ ಹಸಿರುಮನೆ ಅನಿಲಗಳಲ್ಲಿ ಸುಮಾರು ಮೂರನೇ ಒಂದು ಭಾಗ ಆಹಾರ ವ್ಯವಸ್ಥೆಯಿಂದಲೇ ಬರುತ್ತದೆ. ಮನುಷ್ಯರು ಬಳಸಲು ತೆಗೆಯುವ ಸಿಹಿನೀರಿನಲ್ಲಿ ಸುಮಾರು 70% ಕೃಷಿಗೆ ಹೋಗುತ್ತದೆ. ಅಕ್ಕಿ ಮೂಟೆಯ ಬಿಲ್ಲಿನಲ್ಲಿ ಇದ್ಯಾವುದೂ ಇರುವುದಿಲ್ಲ.

ಇದಕ್ಕೆ ಪರಿಹಾರವೂ ಇದೆ. ನೀರನ್ನು ಸದಾ ನಿಲ್ಲಿಸದೆ, ನಡುನಡುವೆ ಗದ್ದೆ ಒಣಗಲು ಬಿಟ್ಟು ಮತ್ತೆ ಹಾಯಿಸಿದರೆ ನೀರೂ ಉಳಿಯುತ್ತದೆ, ಮೀಥೇನ್ ಕೂಡ ಕಡಿಮೆಯಾಗುತ್ತದೆ. ಇಷ್ಟು ವಿಜ್ಞಾನ. ಆದರೆ ನಾಲೆಯಲ್ಲಿ ಮತ್ತೆ ನೀರು ಸಮಯಕ್ಕೆ ಬರದಿದ್ದರೆ ಬೆಳೆ ಹೋಗುತ್ತದೆ. ಲಾಭ ಇಡೀ ಜಗತ್ತಿಗೆ, ನಷ್ಟದ ಭಯ ಒಬ್ಬ ರೈತನಿಗೆ. ವಿಮೆ ಯಾರು ಕೊಡಬೇಕು? ಬೆಲೆ ಹೇಗೆ ನಿಗದಿಯಾಗಬೇಕು? ಇಲ್ಲಿಂದ ಮುಂದಿನದು ಅರ್ಥಶಾಸ್ತ್ರ ಮತ್ತು ಲೆಕ್ಕಶಾಸ್ತ್ರ.

ಇನ್ನು ಆರೋಗ್ಯದ ಮಾತು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ (2019-21) ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ 57% ಜನರಿಗೆ ರಕ್ತಹೀನತೆ ಇದೆ, 24% ಮಹಿಳೆಯರ ತೂಕ ಇರಬೇಕಾದುದಕ್ಕಿಂತ ಹೆಚ್ಚು. ಅಂದರೆ ಹೊಟ್ಟೆ ತುಂಬಿದರೂ ಪೋಷಣೆ ಸಿಗುತ್ತಿಲ್ಲ. ನಮ್ಮ ಮನೆಯಲ್ಲಿ ದಾದಿಮಾಗೆ ಸಕ್ಕರೆ ಕಾಯಿಲೆ. ಅಬ್ಬಾ ಒಂದೇ ಡೈರಿಯಲ್ಲಿ ದಿನಸಿ ಖರ್ಚನ್ನು ಒಂದು ಪುಟದಲ್ಲಿ, ಮಾತ್ರೆಗಳ ಖರ್ಚನ್ನು ಇನ್ನೊಂದು ಪುಟದಲ್ಲಿ ಬರೆಯುತ್ತಾರೆ. ಈ ಎರಡು ಪುಟಗಳನ್ನು ಜೋಡಿಸಿ ಓದುವುದೇ ಈ ಅಧ್ಯಯನ.

ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2023ರಲ್ಲಿ ಹಾಗೆ ಜೋಡಿಸಿ ನೋಡಿತು. 154 ದೇಶಗಳ ಲೆಕ್ಕದಲ್ಲಿ, ಆಹಾರದ ಬೆಲೆಯಲ್ಲಿ ಸೇರದ ಗುಪ್ತ ವೆಚ್ಚ 2020ರಲ್ಲಿ ಕನಿಷ್ಠ 10 ಲಕ್ಷ ಕೋಟಿ ಡಾಲರ್. ಇದು ಜಗತ್ತಿನ ಜಿಡಿಪಿಯ ಸುಮಾರು 10%. ಇದರಲ್ಲಿ 70%ಕ್ಕೂ ಹೆಚ್ಚು ಪಾಲು ಕೆಟ್ಟ ಆಹಾರದಿಂದ ಬರುವ ಕಾಯಿಲೆಗಳದ್ದು, ಅವುಗಳಿಂದಾಗುವ ದುಡಿಮೆಯ ನಷ್ಟದ್ದು.

ಹಾಗಾದರೆ ಕಾಮರ್ಸ್‌ನವರು ಇದನ್ನು ಓದಬಹುದೇ? ಎಲ್ಲ ಕಡೆ ಆಗುವುದಿಲ್ಲ. ಮೈಸೂರಿನ ಸಿಎಫ್‌ಟಿಆರ್‌ಐನಲ್ಲಿ ಆಹಾರ ತಂತ್ರಜ್ಞಾನದ ಎಂ.ಎಸ್‌ಸಿ.ಗೆ, ಬೆಂಗಳೂರಿನ ಜಿಕೆವಿಕೆಯಲ್ಲಿ ಬೆಳೆಶಾಸ್ತ್ರ ಓದಲು ವಿಜ್ಞಾನದ ಹಿನ್ನೆಲೆ ಬೇಕೇ ಬೇಕು. ಆದರೆ ಆಹಾರ ನೀತಿ, ಗ್ರಾಮೀಣ ನಿರ್ವಹಣೆ, ಅಭಿವೃದ್ಧಿ ಅಧ್ಯಯನದ ಬಾಗಿಲು ತೆರೆದಿದೆ. ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದ ಡೆವಲಪ್‌ಮೆಂಟ್ ಎಂ.ಎ.ಗೆ ಯಾವ ಪದವಿಯಾದರೂ ಸರಿ. ಗುಜರಾತಿನ ಆನಂದ್‌ನಲ್ಲಿ 1979ರಲ್ಲಿ ಶುರುವಾದ ಇರ್ಮಾದ ಗ್ರಾಮೀಣ ನಿರ್ವಹಣೆಯ ಕೋರ್ಸಿಗೂ ಬಿ.ಕಾಂ. ಸಾಕು, ಆದರೆ ಪ್ರವೇಶ ಪರೀಕ್ಷೆ ಇದೆ. ವಿದೇಶದಲ್ಲಿ ನೆದರ್ಲೆಂಡ್ಸ್‌ನ ವಾಗೆನಿಂಗೆನ್ ವಿಶ್ವವಿದ್ಯಾಲಯ ಆಹಾರ ಮತ್ತು ಕೃಷಿ ಅಧ್ಯಯನಕ್ಕೆ ಹೆಸರಾಗಿದೆ. ನಿಯಮಗಳು, ಶುಲ್ಕ, ವಿದ್ಯಾರ್ಥಿವೇತನ ವರ್ಷವರ್ಷ ಬದಲಾಗುವುದರಿಂದ ಆಯಾ ಸಂಸ್ಥೆಯಲ್ಲೇ ವಿಚಾರಿಸುವುದು ಒಳ್ಳೆಯದು.

ಇದಕ್ಕೆ ಈಗಿನಿಂದಲೇ ತಯಾರಾಗಬಹುದು. ಅರ್ಥಶಾಸ್ತ್ರ ಮತ್ತು ಸಂಖ್ಯಾಶಾಸ್ತ್ರವನ್ನು ಅಂಕಕ್ಕಾಗಿ ಮಾತ್ರ ಓದದೆ ಅರ್ಥ ಮಾಡಿಕೊಂಡು ಓದಬೇಕು. ರಜೆಯಲ್ಲಿ ಒಮ್ಮೆ ಎಪಿಎಂಸಿಗೆ ಹೋಗಿ, ರೈತನಿಗೆ ಸಿಕ್ಕ ಬೆಲೆಯನ್ನೂ ನಮ್ಮ ಗಲ್ಲಿಯ ತರಕಾರಿ ಗಾಡಿಯ ಬೆಲೆಯನ್ನೂ ಪಕ್ಕಪಕ್ಕ ಬರೆದು ನೋಡಬಹುದು.

ಇನ್ನೊಂದು ಲೆಕ್ಕ ನಮ್ಮ ಮನೆಯಲ್ಲೇ ಇದೆ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ಪ್ರಕಾರ 2022ರಲ್ಲಿ ಜಗತ್ತಿನಲ್ಲಿ 105 ಕೋಟಿ ಟನ್ ಆಹಾರ ವ್ಯರ್ಥವಾಯಿತು, ಅದರಲ್ಲಿ ಸುಮಾರು 60% ಮನೆಗಳಲ್ಲಿ. ಇಸ್ರಾಫ್, ಅಂದರೆ ದುಂದು, ಮಾಡಬಾರದು ಎಂದು ಚಿಕ್ಕಂದಿನಿಂದ ಕೇಳಿದ್ದೇವೆ. ಆದರೂ ವಲೀಮಾ ಊಟದಲ್ಲಿ ಅರ್ಧ ತಟ್ಟೆ ಬಿರಿಯಾನಿ ಬಿಟ್ಟು ಏಳುತ್ತೇವೆ. ಆ ಅನ್ನದ ನೀರು, ಗದ್ದೆಯ ಮೀಥೇನ್, ರೈತನ ದುಡಿಮೆ ಎಲ್ಲವೂ ಅದರ ಜೊತೆಗೆ ಕಸಕ್ಕೆ ಹೋಗುತ್ತವೆ. ಇದನ್ನೆಲ್ಲ ಲೆಕ್ಕಕ್ಕೆ ತರಬಲ್ಲವರು ಬೇಕಾಗಿದ್ದಾರೆ. ಆ ಕೆಲಸಕ್ಕೆ ಕಾಮರ್ಸ್ ವಿದ್ಯಾರ್ಥಿಗಳಾದ ನಾವೂ ಹೋಗಬಹುದು.