ಅಡ್ರಿನಲಿನ್: ಅರ್ಧ ಆಂಪೂಲ್‌ನ ಲೆಕ್ಕ ತಪ್ಪಿದರೆ?

ಹಾವು ಕಚ್ಚಿದವರಿಗೆ ಕೊಡುವ ಆ್ಯಂಟಿವೆನಮ್ಮೇ ಕೆಲವರಿಗೆ ತೀವ್ರ ಅಲರ್ಜಿ ತರುತ್ತೆ: ಬಿಪಿ ಕುಸಿಯುತ್ತೆ, ಉಸಿರು ಕಟ್ಟುತ್ತೆ. ಆಗ ಮೊದಲ ಮದ್ದು ಅಡ್ರಿನಲಿನ್. ಭಯವಾದಾಗ ಎದೆ ಡವಗುಟ್ಟಿಸುವ ಅದೇ ಹಾರ್ಮೋನ್ ಇಲ್ಲಿ ರಕ್ತನಾಳ ಬಿಗಿಸಿ ಬಿಪಿ ಎತ್ತುತ್ತೆ, ಶ್ವಾಸನಾಳ ಸಡಿಲಿಸುತ್ತೆ.

1 ಮಿಲಿಯ ಆಂಪೂಲ್‌ನಲ್ಲಿ 1 ಮಿಲಿಗ್ರಾಂ ಇರುತ್ತೆ. ಅಲರ್ಜಿಯಾದ ವಯಸ್ಕರಿಗೆ ಅದರಲ್ಲಿ ಅರ್ಧ, ತೊಡೆಯ ಸ್ನಾಯುವಿಗೆ. ಹೃದಯ ನಿಂತವರಿಗಾದರೆ ಪೂರ್ತಿ 1 ಮಿಲಿಗ್ರಾಂ, ರಕ್ತನಾಳಕ್ಕೇ. ಗಾಬರಿಯಲ್ಲಿ ಇವೆರಡೂ ಅದಲುಬದಲಾಗಿ, ಹೃದಯ ಬಡಿಯುತ್ತಿರುವಾಗಲೇ ಅಷ್ಟನ್ನೂ ರಕ್ತನಾಳಕ್ಕೆ ನುಗ್ಗಿಸಿದರೆ ಲಯ ತಪ್ಪಿ ಪ್ರಾಣಕ್ಕೇ ಕುತ್ತು.

2024ರಲ್ಲಿ ಕರ್ನಾಟಕ ಹಾವು ಕಡಿತವನ್ನು ಅಧಿಸೂಚಿತ ಕಾಯಿಲೆ ಅಂತ ಘೋಷಿಸಿತು. ಲೆಕ್ಕ ಸಿಗುತ್ತೆ, ಒಳ್ಳೇದೇ. ಆದರೆ ನಿಮ್ಮೂರಿನ ಪಿಎಚ್‌ಸಿಯಲ್ಲಿ ರಾತ್ರಿ ಪಾಳಿಯವರಿಗೆ ಈ ವ್ಯತ್ಯಾಸದ ತರಬೇತಿ ಸಿಕ್ಕಿದೆಯಾ? ಶಾಸಕರು ಸಿಕ್ಕಾಗ ಕೇಳಿ.